ಎರೆ ಮಣ್ಣಿಗೆ ತಕ್ಕ ಪಿಕಪ್

ಗದಗ ಜಿಲ್ಲೆಯ ಕಪ್ಪು ಎರೆ ಮಣ್ಣಿನ ಹೊಲಕ್ಕೆ ಮಳೆಯ ಮರುದಿನ ಹೋದ ಗಾಡಿ, ಹೋದ ತೂಕದಲ್ಲೇ ವಾಪಸ್ ಬರುವುದಿಲ್ಲ. ಗಾಲಿಯ ಒಳಮೈ, ಮಡ್‌ಗಾರ್ಡ್, ಚಾಸಿಯ ಸಂದುಗಳು, ಡೀಸೆಲ್ ಟ್ಯಾಂಕಿನ ಮೇಲ್ಭಾಗ, ಹೀಗೆ ಜಾಗ ಸಿಕ್ಕಲ್ಲೆಲ್ಲ ಮಣ್ಣು ಮೆತ್ತಿಕೊಂಡಿರುತ್ತದೆ. ಹಸಿ ಇದ್ದಾಗ ತೆಗೆದರೆ ಸರಿ. ಒಂದು ವಾರ ಬಿಟ್ಟರೆ ನೀರು ಬಿಟ್ಟರೂ ಜಗ್ಗುವುದಿಲ್ಲ, ಕುಡುಗೋಲಿನ ತುದಿಯಿಂದ ಕೆತ್ತಿ ತೆಗೆಯಬೇಕು.

ರೋಣ, ನರಗುಂದ, ನವಲಗುಂದ, ಅಣ್ಣಿಗೇರಿ, ಕುಂದಗೋಳ. ಈ ಪಟ್ಟೆಯಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಎರೆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಅನ್ನುವ ಜೇಡಿ ಖನಿಜ ಜಾಸ್ತಿ ಇರುತ್ತದೆ. ಅದರ ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವ ಅದೇ ನೆಲ ಮಳೆಗಾಲದಲ್ಲಿ ಚಪ್ಪಲಿ ಕಿತ್ತುಕೊಳ್ಳುತ್ತದೆ. ನೀರನ್ನು ಇಷ್ಟು ದಿನ ಹಿಡಿದಿಟ್ಟುಕೊಳ್ಳುವುದರಿಂದಲೇ ಹಿಂಗಾರಿನಲ್ಲಿ ಹೆಚ್ಚಾಗಿ ನೆಲದೊಳಗೆ ಉಳಿದ ಹಸಿಯ ಮೇಲೆ ಕಡಲೆ, ಬಿಳಿಜೋಳ ಬೆಳೆಯುತ್ತವೆ. ಹೊಲಕ್ಕೆ ವರವಾದ ಈ ಗುಣ ಗಾಡಿಗೆ ಮಾತ್ರ ಬಲು ಕಷ್ಟ.

ಆಫ್‌ರೋಡ್ ಅಂದ ಕೂಡಲೇ ಬಹಳ ಜನರ ಕಣ್ಣಿಗೆ ಬಂಡೆ ಹತ್ತುವ ಜೀಪು, ಮರಳುಗಾಡಿನಲ್ಲಿ ಹಾರುವ ಪಿಕಪ್ ಬರುತ್ತವೆ. ಅದನ್ನು ನೋಡಿ ಅದೇ ಸಾಮಾನು ಇಲ್ಲಿ ಹಾಕಿಸುತ್ತಾರೆ. ನನ್ನ ಗಟ್ಟಿ ಅಭಿಪ್ರಾಯ ಬೇರೆ. ಹಳೆಯ ಪಿಕಪ್ಪನ್ನು ಸಿದ್ಧ ಮಾಡುವ ಕೆಲಸ ಅಂಗಡಿಯ ಸಾಮಾನಿನಿಂದ ಶುರುವಾಗಬಾರದು. ಗಾಡಿ ಓಡಾಡುವ ಮಣ್ಣಿನಿಂದ ಶುರುವಾಗಬೇಕು. ಈ ಮಣ್ಣು ಗಾಡಿಯ ಯಾವ ಭಾಗಕ್ಕೆ ಹೇಗೆ ತೊಂದರೆ ಕೊಡುತ್ತದೆ ಅಂತ ತಿಳಿದರೆ ಏನು ಮಾಡಿಸಬೇಕು, ಏನು ಬಿಡಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ನನ್ನದು ಹಳೆಯ ಡಬಲ್ ಕ್ಯಾಬಿನ್ ಡೀಸೆಲ್ ಪಿಕಪ್, ಫೋರ್ ವೀಲ್ ಡ್ರೈವ್. ಮನೆ ಹುಬ್ಬಳ್ಳಿಯಲ್ಲಿ, ಹೊಲ ರೋಣದ ಕಡೆ. ಬೀಜ, ಗೊಬ್ಬರ, ಕಡಲೆ ಚೀಲ, ಶೀಗಿ ಹುಣ್ಣಿಮೆಗೆ ಚರಗ ಚೆಲ್ಲಲು ಹೊರಟ ಮನೆಮಂದಿ, ಎಲ್ಲರನ್ನೂ ಹೊತ್ತಿದೆ. ಕೆಲಸ ಇಲ್ಲದಾಗ ನಾನು ಅದನ್ನು ಹಳ್ಳದ ದಂಡೆ, ಹಳೆಯ ಕಲ್ಲು ಕ್ವಾರಿಗಳ ದಾರಿ, ಕಲಘಟಗಿ ಕಡೆಯ ಕೆಂಪು ಮಣ್ಣಿನ ಏರು, ಹೀಗೆ ಒಯ್ಯುತ್ತೇನೆ. ಕಪ್ಪತಗುಡ್ಡಕ್ಕೆ ಹೋಗೋಣ ಅಂತ ಗೆಳೆಯರು ಕೇಳುತ್ತಾರೆ. ಅದು 2019ರಲ್ಲಿ ವನ್ಯಜೀವಿ ಧಾಮವಾಗಿದೆ. ಔಷಧಿ ಸಸ್ಯಗಳಿರುವ ಗುಡ್ಡ. ಅಲ್ಲಿ ಗಾಲಿ ಹೊರಳಿಸಲು ನನಗೆ ಮನಸ್ಸಿಲ್ಲ, ಕಾನೂನೂ ಬಿಡುವುದಿಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮದ ವಿಷಯವೂ ಅಷ್ಟೇ. ಗಾಡಿ ಓಡಿಸಲು ಬೇರೆ ಬೇಕಾದಷ್ಟು ನೆಲ ಇದೆ.

ಕಾನೂನಿನ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಮುಂದೆ ಹಾಕಿಸುವ ದಪ್ಪ ಕಬ್ಬಿಣದ ಬುಲ್ ಬಾರ್ ಮೇಲೆ ಕ್ರಮ ಕೈಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಬರೆದಿತ್ತು. ಎದುರು ಬರುವ ಮನುಷ್ಯನಿಗೆ ಆ ಕಬ್ಬಿಣ ಏನು ಮಾಡುತ್ತದೆ ಅಂತ ಯೋಚಿಸಿದರೆ ಯಾವ ಪತ್ರವೂ ಬೇಕಾಗಿಲ್ಲ. ಹಾಗಾಗಿ ನನ್ನ ಗಾಡಿ ಹೊರಗಿನಿಂದ ನೋಡಿದರೆ ಸುಮ್ನೆ ಒಂದು ಹಳೆ ಪಿಕಪ್. ದುಡ್ಡು ಹೋಗಿದ್ದೆಲ್ಲ ಕಣ್ಣಿಗೆ ಕಾಣದ ಕಡೆಗೆ. ಹೋಸು, ಕ್ಲಿಪ್ಪು, ಸೀಲು, ಬುಷ್ಷು, ಬೇರಿಂಗು, ವೈರು.

ನಾನು ಗಾಡಿ ಬಿಡುವುದು ಹುಬ್ಬಳ್ಳಿಯ ಗೋಕುಲ ರೋಡ್ ಕಡೆಯ ಒಂದು ಸಣ್ಣ ಗ್ಯಾರೇಜಿನಲ್ಲಿ. ಅಲ್ಲಿನ ಮಿಸ್ತ್ರಿ ವಯಸ್ಸಾದವರು. ಅವರ ಹತ್ತಿರ ನಾನು ಕಲಿತ ದೊಡ್ಡ ವಿದ್ಯೆ ಅಂದರೆ ಒಂದು ಪ್ರಶ್ನೆ.

“ಏನಾಗೇತ್ರೀ ಗಾಡಿಗೆ?”

“ಎಳೀವಲ್ದ್ರೀ ಮಿಸ್ತ್ರಿ. ಪಂಪ್ ಹೋಗೇತೇನೋ ಅಂತಾರ್ರಿ.”

“ಪಂಪಿನ ಸುದ್ದಿ ಆಮ್ಯಾಲೆ ಮಾತಾಡೂಣು. ಯಾವಾಗ ಎಳೀವಲ್ದು? ಅದನ್ನ ಹೇಳ್ರಿ ಮೊದ್ಲ.”

ಯಾವಾಗ. ಯಾವ ಪಾರ್ಟು ಅಂತ ಕೇಳುವ ಮೊದಲು ಯಾವಾಗ ಅಂತ ಕೇಳುತ್ತಾರೆ. ತಂಪಿನಲ್ಲೋ ಬಿಸಿಯಲ್ಲೋ? ಏರಿನಲ್ಲೋ ಸಪಾಟಿನಲ್ಲೋ? ಲೋಡ್ ಇದ್ದಾಗಲೋ ಖಾಲಿ ಇದ್ದಾಗಲೋ? ಮಳೆಯಲ್ಲಿ ಹೋಗಿ ಬಂದ ಮೇಲೋ, ಅದಕ್ಕೂ ಮೊದಲೋ? ಇದಕ್ಕೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ ಅನ್ನುತ್ತಾರೆ. ಗಾಡಿಯ ಮಾಲೀಕ ಕೊಡಬೇಕಾದ್ದು ಈ ಉತ್ತರ. ಪಾರ್ಟಿನ ಹೆಸರು ಹೇಳುವುದು ನಮ್ಮ ಕೆಲಸ ಅಲ್ವೇ ಅಲ್ಲ.

ಎಳೀವಲ್ದು ಅಂದ ಆ ಕಥೆಯನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗಾಡಿ ಹುಬ್ಬಳ್ಳಿಯಿಂದ ಗದಗಕ್ಕೆ ಹೆದ್ದಾರಿಯಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಏರು ಬಂದು, ಲೋ ಗೇರಿನಲ್ಲಿ ನಿಧಾನಕ್ಕೆ ಹತ್ತುವಾಗ ಇದ್ದಕ್ಕಿದ್ದಂತೆ ಶಕ್ತಿ ಕಳೆದುಕೊಂಡು ಗಕ್ ಗಕ್ ಅಂದು ಬಂದ್ ಆಗುತ್ತಿತ್ತು. ಒಂದೈದು ನಿಮಿಷ ಬಿಟ್ಟು ಡೀಸೆಲ್ ಎಳೆಯುವ ಕೈಪಂಪ್ ಒತ್ತಿದರೆ ಮತ್ತೆ ಶುರು. ಮೊದಲು ತೋರಿಸಿದ ಬೇರೊಂದು ಗ್ಯಾರೇಜಿನಲ್ಲಿ ಡೀಸೆಲ್ ಫಿಲ್ಟರ್ ಬದಲಿಸಿದರು. ಗುಣ ಕಾಣಲಿಲ್ಲ. ಇಂಜೆಕ್ಷನ್ ಪಂಪ್ ಇಳಿಸಿ ಕ್ಯಾಲಿಬ್ರೇಶನ್ ಮಾಡಿಸಬೇಕು, ನಾಲ್ಕೂ ಇಂಜೆಕ್ಟರ್ ನೋಡಬೇಕು ಅಂದರು. ಅದು ಸಣ್ಣ ಖರ್ಚಲ್ಲ.

ಮಿಸ್ತ್ರಿ ತಮ್ಮ ಪ್ರಶ್ನೆ ಕೇಳುತ್ತಾ ಹೋದರು. ಟ್ಯಾಂಕ್ ಫುಲ್ ಇದ್ದಾಗಲೂ ಏರಿನಲ್ಲಿ ಹೀಗಾಗುತ್ತದಾ? ಇಲ್ಲ. ಅರ್ಧಕ್ಕಿಂತ ಕಡಿಮೆ ಇದ್ದಾಗ? ಹೌದು, ಆಗಲೇ. ರಾತ್ರಿ ಮೂತಿ ಮೇಲಾಗಿ ನಿಲ್ಲಿಸಿದರೆ ಬೆಳಿಗ್ಗೆ ಸೆಲ್ಫ್ ಜಾಸ್ತಿ ಹೊತ್ತು ಹೊಡೆಯಬೇಕಾ? ಹೌದ್ರೀ, ಬೇಕು. ಅಷ್ಟು ಕೇಳಿ ಒಂದು ಐದು ಲೀಟರ್ ಕ್ಯಾನಿನಲ್ಲಿ ಡೀಸೆಲ್ ತುಂಬಿ ಬಾನೆಟ್ ಕೆಳಗೆ ಕಟ್ಟಿದರು. ಟ್ಯಾಂಕಿನಿಂದ ಬರುವ ಪೈಪ್ ಬಿಚ್ಚಿ, ಕ್ಯಾನಿನಿಂದಲೇ ಡೀಸೆಲ್ ಬರುವ ಹಾಗೆ ಮಾಡಿದರು. ರಿಟರ್ನ್ ಪೈಪನ್ನೂ ಕ್ಯಾನಿಗೇ ಬಿಟ್ಟರು. ಅದೇ ಏರಿಗೆ ಹೋದೆವು. ಗಾಡಿ ಒಂದು ಮಾತಾಡದೆ ಹತ್ತಿತು.

ಅಲ್ಲಿಗೆ ಪಂಪು, ಇಂಜೆಕ್ಟರು, ಫಿಲ್ಟರು ಎಲ್ಲ ನಿರ್ದೋಷಿ ಅಂತಾಯಿತು. ತೊಂದರೆ ಏನಿದ್ದರೂ ಟ್ಯಾಂಕಿಗೂ ಎಂಜಿನ್ನಿಗೂ ನಡುವೆ. ಆಮೇಲೆ ಒಂದು ಪಾರದರ್ಶಕ ಹೋಸನ್ನು ಆ ದಾರಿಯಲ್ಲಿ ಸೇರಿಸಿದರು. ಎಂಜಿನ್ ಓಡುತ್ತಿದ್ದಾಗ ನೋಡಿದರೆ ಡೀಸೆಲ್ ಜೊತೆ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಬರುತ್ತಿದ್ದವು. ಗಾಳಿ ಎಳೆದುಕೊಳ್ಳುತ್ತಿದೆ! ಹೋಸನ್ನು ಒಂದೊಂದು ಜೋಡಣೆ ಹಿಂದಕ್ಕೆ ಸರಿಸುತ್ತಾ ಹೋದರು. ಕೊನೆಗೆ ಟ್ಯಾಂಕಿನ ಮೇಲ್ಭಾಗಕ್ಕೆ ಬಂದು ನಿಂತರು. ಅಲ್ಲಿ ನಮ್ಮ ಊರಿನ ಎರೆ ಮಣ್ಣು ಅಂಗೈ ದಪ್ಪ ಕೂತಿತ್ತು. ಅದನ್ನು ಕೆತ್ತಿ ತೆಗೆದರೆ ಕೆಳಗೆ ರಬ್ಬರ್ ಹೋಸ್ ಸೀಳು ಬಿಟ್ಟಿತ್ತು. ಕ್ಲಿಪ್ಪಿನ ಅಡಿಯಲ್ಲಿ ಕಬ್ಬಿಣದ ಪೈಪಿಗೆ ತುಕ್ಕು ಹಿಡಿದು ಸೂಜಿಮೊನೆಯಷ್ಟು ತೂತು. ಮಣ್ಣು ತಿಂಗಳುಗಟ್ಟಲೆ ಹಸಿ ಹಿಡಿದಿಟ್ಟುಕೊಂಡು ಪೈಪನ್ನು ತಿಂದಿತ್ತು.

ಒಂದು ಹನಿ ಡೀಸೆಲ್ ಕೂಡ ನೆಲಕ್ಕೆ ಸೋರಿರಲಿಲ್ಲ. ಅದೇ ಇದರ ಮೋಸ. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿಗಿಂತ ಹಿಂದಿನ ಪೈಪಿನಲ್ಲಿ ಒತ್ತಡ ಇರುವುದಿಲ್ಲ, ಎಳೆತ ಇರುತ್ತದೆ. ಅಲ್ಲಿ ತೂತಾದರೆ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಟ್ಯಾಂಕ್ ತುಂಬಿದ್ದರೆ ಡೀಸೆಲ್ ಮಟ್ಟ ಮೇಲಿರುತ್ತದೆ, ಪಂಪ್ ಜಾಸ್ತಿ ಎಳೆಯಬೇಕಿಲ್ಲ. ಟ್ಯಾಂಕ್ ಅರ್ಧಕ್ಕಿಳಿದು, ಮೇಲಾಗಿ ಗಾಡಿ ಮೂತಿ ಎತ್ತಿ ನಿಂತರೆ ಎಂಜಿನ್ ಟ್ಯಾಂಕಿಗಿಂತ ಇನ್ನೂ ಎತ್ತರಕ್ಕೆ ಹೋಗುತ್ತದೆ. ಎಳೆತ ಜಾಸ್ತಿ, ಗಾಳಿಯೂ ಜಾಸ್ತಿ. ಮಿಸ್ತ್ರಿ ಕೇಳಿದ ಒಂದೊಂದು ಪ್ರಶ್ನೆಗೂ ಅರ್ಥ ಇತ್ತು ಅಂತ ಆಗ ಹೊಳೆಯಿತು. ಒಂದು ಗೇಣು ಪೈಪ್, ಒಂದು ಮೊಳ ಡೀಸೆಲ್ ಹೋಸ್, ಎರಡು ಕ್ಲಿಪ್ಪು. ಅಷ್ಟೇ ಖರ್ಚು. ಹೋಸ್ ಮಾತ್ರ ಡೀಸೆಲ್‌ಗೇ ಅಂತ ಮಾಡಿದ್ದನ್ನೇ ಕೇಳಿ ತನ್ನಿ. ನೀರಿನ ಪೈಪ್ ಹಾಕಿದರೆ ಉಬ್ಬಿ, ಮೆತ್ತಗಾಗಿ ಹಾಳಾಗುತ್ತದೆ.

ಮಣ್ಣು ಕೂತಿದ್ದರಿಂದಲೇ ಆಗುವ ಇನ್ನೊಂದು ತೊಂದರೆ ಸ್ಟೇರಿಂಗ್ ನಡುಕ. 60ರ ವೇಗ ದಾಟಿದರೆ ಕೈಗೆ ನಡುಕ ಬರುತ್ತದೆ, 40ರಲ್ಲಿ ಇರುವುದಿಲ್ಲ. ಟೈ ರಾಡ್ ಎಂಡ್, ಕಿಂಗ್ ಪಿನ್, ಬೇರಿಂಗ್ ಅಂತ ಎಲ್ಲದರ ಮೇಲೂ ಅನುಮಾನ ಹೋಗುತ್ತದೆ. ಹೊಲಕ್ಕೆ ಹೋಗಿ ಬಂದ ಮೇಲೆ ಶುರುವಾಗಿದ್ದರೆ ಮೊದಲು ಗಾಲಿಯ ಒಳಗಡೆ ಕೈ ಹಾಕಿ ನೋಡಿ. ರಿಮ್ಮಿನ ಒಳಮೈಗೆ ಒಂದೇ ಕಡೆ ಅರ್ಧ ಕಿಲೋ ಮಣ್ಣು ಒಣಗಿ ಹತ್ತಿರುತ್ತದೆ. ಗಾಲಿ ತಿರುಗುವ ಸಮತೋಲ ಕೆಡಲು ಅಷ್ಟು ಸಾಕು. ಕೆತ್ತಿ ತೆಗೆದ ಮೇಲೂ ನಡುಗಿದರೆ ಆಗ ಬ್ಯಾಲೆನ್ಸಿಂಗ್, ಆಮೇಲೆ ಜೋಡಣೆಗಳು. ನಮ್ಮ ಮಿಸ್ತ್ರಿಗಂತೂ ತೊಳೆದು ಹೊಳೆಯುವ ಗಾಡಿ ತಂದರೆ ಸಿಟ್ಟು ಬರುತ್ತದೆ. “ಗಾಡಿ ತೊಳಕೊಂಡು ಬರಬ್ಯಾಡ್ರಿ. ಮಣ್ಣು ಎಲ್ಲಿ ಕುಂತೈತಿ, ಎಣ್ಣಿ ಎಲ್ಲಿ ಹಸಿ ಐತಿ, ಎಲ್ಲಾ ನೋಡಬೇಕು ನಾನು” ಅನ್ನುತ್ತಾರೆ. ಎಣ್ಣೆ ಜಿನುಗುವ ಕಡೆ ಧೂಳು ಕಪ್ಪಾಗಿ ಅಂಟಿಕೊಂಡಿರುತ್ತದೆ. ತೊಳೆದರೆ ಆ ಗುರುತೂ ಹೋಗುತ್ತದೆ.

ಇನ್ನು ನೀರು. ಶಿಗ್ಗಾವಿ ತಾಲ್ಲೂಕಿನಲ್ಲಿ ಹುಟ್ಟಿ ಕುಂದಗೋಳ, ನವಲಗುಂದದ ಎರೆ ನಾಡು ದಾಟಿ ಮಲಪ್ರಭೆ ಸೇರುವ ಬೆಣ್ಣಿಹಳ್ಳ ನೋಡಿದವರಿಗೆ ಹಳ್ಳದ ಸ್ವಭಾವ ಗೊತ್ತಿರುತ್ತದೆ. ನಮ್ಮ ತಲೆಯ ಮೇಲೆ ಬಿಸಿಲಿದ್ದರೂ ಮೇಲೆಲ್ಲೋ ಮಳೆಯಾಗಿ ಇಲ್ಲಿ ನೀರು ಏರುತ್ತದೆ. ಅಂಥ ಹಳ್ಳ ಬಂದಾಗ ಗಾಡಿ ಇಳಿಸುವ ಮಾತೇ ಇಲ್ಲ. ನಾನು ಹೇಳುತ್ತಿರುವುದು ಸಣ್ಣ ಹಳ್ಳ, ನಡೆದು ನೋಡಿ ಮೊಣಕಾಲಿನ ಕೆಳಗೇ ನೀರಿದೆ ಅಂತ ಖಾತ್ರಿ ಮಾಡಿಕೊಂಡ ಜಾಗದ ಬಗ್ಗೆ.

ಹಳ್ಳ ದಾಟುವವರು ಎಂಜಿನ್ನಿಗೆ ನೀರು ಹೋಗುತ್ತದೆ ಅಂತ ಹೆದರುತ್ತಾರೆ. ಹೆದರಬೇಕಾದ್ದೇ. ಗಾಳಿಯನ್ನು ಒತ್ತಿ ಸಣ್ಣದು ಮಾಡಬಹುದು, ನೀರನ್ನು ಆಗುವುದಿಲ್ಲ. ಸಿಲಿಂಡರಿನೊಳಗೆ ನೀರು ಹೊಕ್ಕರೆ ಪಿಸ್ಟನ್ ಮೇಲೆ ಬರಲಾಗದೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಆದರೆ ನಮ್ಮ ಕಡೆ ಅದಕ್ಕಿಂತ ಜಾಸ್ತಿ ಸಲ ನೀರು ಹೋಗುವುದು ಆಕ್ಸೆಲಿನೊಳಗೆ. ಆಕ್ಸೆಲಿನ ನಡುವೆ, ಎರಡು ಗಾಲಿಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳು, ಅಂದರೆ ಡಿಫರೆನ್ಷಿಯಲ್ ಇರುತ್ತದೆ. ಅದರ ಹೌಸಿಂಗಿನ ಮೇಲೆ ಬೆರಳ ತುದಿಯಷ್ಟು ಒಂದು ಬ್ರೀದರ್, ಅಂದರೆ ಗಾಳಿ ಆಡುವ ಕಿಂಡಿ ಇರುತ್ತದೆ. ಗಾಡಿ ಓಡಿ ಒಳಗಿನ ಎಣ್ಣೆ ಬಿಸಿಯಾದಾಗ ಗಾಳಿ ಹಿಗ್ಗಿ ಅಲ್ಲಿಂದ ಹೊರಗೆ ಹೋಗುತ್ತದೆ. ಆ ಬಿಸಿ ಹೌಸಿಂಗನ್ನು ತಣ್ಣನೆ ನೀರಿಗೆ ಇಳಿಸಿದರೆ ಒಳಗಿನ ಗಾಳಿ ಒಮ್ಮೆಲೇ ಕುಗ್ಗುತ್ತದೆ, ಹೊರಗಿನಿಂದ ಎಳೆದುಕೊಳ್ಳುತ್ತದೆ. ಬ್ರೀದರ್ ಸರಿ ಇದ್ದು ನೀರಿನ ಮೇಲಿದ್ದರೆ ಗಾಳಿ ಬರುತ್ತದೆ. ಎರೆ ಮಣ್ಣು ಅದರ ಬಾಯಿ ಮುಚ್ಚಿದ್ದರೆ? ಆಗ ಆಯಿಲ್ ಸೀಲಿನ ತುಟಿ ಸರಿಸಿಕೊಂಡು ನೀರು ಬರುತ್ತದೆ. ಡ್ರೈನ್ ಬೋಲ್ಟ್ ಬಿಚ್ಚಿದರೆ ಗೇರ್ ಆಯಿಲ್ ಹಾಲು ಹಾಕಿದ ಚಹಾದ ಬಣ್ಣದಲ್ಲಿ ಇಳಿಯುತ್ತದೆ. ಅದೇ ಎಣ್ಣೆಯಲ್ಲಿ ಓಡಿಸಿದರೆ ಬೇರಿಂಗ್, ಕ್ರೌನ್ ಪಿನಿಯನ್ ಗೇರು ಎರಡೂ ಹಾಳು.

ಇದಕ್ಕೆ ಪರಿಹಾರ ಬಹಳ ಅಗ್ಗ. ಬ್ರೀದರಿನ ಜಾಗಕ್ಕೆ ಒಂದು ನಿಪ್ಪಲ್ ಹಾಕಿ, ಅಲ್ಲಿಂದ ರಬ್ಬರ್ ಹೋಸ್ ಎಳೆದು ಮೇಲಕ್ಕೆ ಒಯ್ಯುವುದು. ಮುಂದಿನದನ್ನು ಬಾನೆಟ್ಟಿನೊಳಗೆ, ಹಿಂದಿನದನ್ನು ಲೋಡ್ ಬಾಡಿಯ ಮೇಲಂಚಿಗೆ ಕಟ್ಟಿದೆವು. ಗೇರ್ ಬಾಕ್ಸ್, ಮುಂದಿನ ಹಿಂದಿನ ಆಕ್ಸೆಲಿಗೆ ಎಳೆತ ಹಂಚುವ ಟ್ರಾನ್ಸ್‌ಫರ್ ಕೇಸಿನವನ್ನೂ ಹಾಗೇ ಮಾಡಿದೆವು. ಆಕ್ಸೆಲ್ ಪೂರಾ ಕೆಳಗಿಳಿದಾಗಲೂ ಹೋಸ್ ಬಿಗಿಯಾಗದ ಹಾಗೆ ಸ್ವಲ್ಪ ಸಡಿಲ ಬಿಡಬೇಕು. ಹೆಡ್‌ಲೈಟಿಗೂ ಬಂಪರಿಗೂ ಹತ್ತಿಪ್ಪತ್ತು ಸಾವಿರ ಹಾಕುವ ಗೆಳೆಯರಿಗೆ ನಾನು ಮೊದಲು ಹೇಳುವುದು ಈ ಹೋಸಿನ ಬಗ್ಗೆ.

ಬಿಸಿಯ ಬಗ್ಗೆ ಒಂದಿಷ್ಟು. ಸುಗ್ಗಿಯ ದಿನಗಳಲ್ಲಿ ಹೊಲದಲ್ಲಿ ಜೋಳದ ರವದಿ, ಕಡಲೆ ಹೊಟ್ಟು ಹಾರಾಡುತ್ತಿರುತ್ತದೆ. ಅದು ಗ್ರಿಲ್ ದಾಟಿ ಎಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಕೂಡುತ್ತದೆ. ಮುಂದೆ ನಿಂತು ನೋಡಿದರೆ ಕಾಣುವುದಿಲ್ಲ. ಮೇಲೆ ಒಂದಿಷ್ಟು ಎರೆ ಧೂಳು ಬಿದ್ದು, ಹಸಿಯಾಗಿ ಒಣಗಿದರೆ ಗೋಡೆಗೆ ಗಿಲಾವು ಮಾಡಿದಷ್ಟು ಗಟ್ಟಿ. ಹೆದ್ದಾರಿಯಲ್ಲಿ ಗಾಳಿ ಜೋರಾಗಿ ಬರುವುದರಿಂದ ಮೀಟರ್ ಏರುವುದಿಲ್ಲ. ಲೋ ಗೇರಿನಲ್ಲಿ ನಿಧಾನಕ್ಕೆ ಹೋಗುವಾಗ ಏರುತ್ತದೆ. ಇಲ್ಲೂ ಅದೇ, ಯಾವಾಗ ಅಂತ ಕೇಳಬೇಕು. ನಿಧಾನದಲ್ಲಿ ಮಾತ್ರ ಬಿಸಿಯಾದರೆ ಗಾಳಿಯ ದಾರಿ ಮತ್ತು ಫ್ಯಾನ್ ನೋಡಿ. ವೇಗದಲ್ಲೂ ಬಿಸಿಯಾದರೆ ನೀರಿನ ದಾರಿ, ಅಂದರೆ ಥರ್ಮೋಸ್ಟಾಟ್, ವಾಟರ್ ಪಂಪ್, ಒಳಗೆ ಕಟ್ಟಿದ ರೇಡಿಯೇಟರ್ ನೋಡಿ. ತೊಳೆಯುವಾಗ ನೀರನ್ನು ಎಂಜಿನ್ ಕಡೆಯಿಂದ ಮುಂದಕ್ಕೆ ಬಿಡಬೇಕು, ಒತ್ತಡ ಕಡಿಮೆ ಇರಬೇಕು. ವಾಟರ್ ಸರ್ವಿಸ್‌ನವರ ಜೋರು ಧಾರೆ ಬಿದ್ದರೆ ಆ ತೆಳು ರೆಕ್ಕೆಗಳು ಮಡಚಿ ಗಾಳಿಯ ದಾರಿ ಪೂರ್ತಿ ಮುಚ್ಚುತ್ತವೆ.

ಧೂಳು ನೀರಿಗಿಂತ ಕಡಿಮೆ ಶತ್ರುವಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಹೊಲದ ದಾರಿಯಲ್ಲಿ ಒಂದರ ಹಿಂದೆ ಒಂದು ಗಾಡಿ ಹೋದರೆ ಹಿಂದಿನವನಿಗೆ ಏನೂ ಕಾಣುವುದಿಲ್ಲ. ಏರ್ ಫಿಲ್ಟರ್ ಬದಲಿಸುವಾಗ ಫಿಲ್ಟರಿನ ಆಚೆಗಿನ, ಎಂಜಿನ್ ಕಡೆ ಹೋಗುವ ಪೈಪಿನೊಳಗೆ ಬೆರಳು ಆಡಿಸಿ. ಬೆರಳಿಗೆ ಧೂಳು ಹತ್ತಿದರೆ ಫಿಲ್ಟರ್ ಎಷ್ಟೇ ಹೊಸದಿದ್ದರೂ ಪ್ರಯೋಜನವಿಲ್ಲ. ಎಲ್ಲೋ ಕ್ಲಿಪ್ ಸಡಿಲ ಇದೆ, ಇಲ್ಲವೇ ರಬ್ಬರ್ ಸೀಳಿದೆ. ಆ ಧೂಳು ಪಿಸ್ಟನ್ ರಿಂಗನ್ನು ಉಜ್ಜುತ್ತಾ ಇರುತ್ತದೆ.

ಟೈರಿನ ವಿಷಯದಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯ ಇದೆ, ನನಗೂ ಇದೆ. ಕಂಪನಿ ಕೊಟ್ಟ ಅಳತೆ 215/75 ಆರ್15. ಅಂದರೆ ಅಗಲ 215 ಮಿಲಿಮೀಟರ್, ಟೈರಿನ ಪಕ್ಕದ ಎತ್ತರ ಅದರ ನೂರಕ್ಕೆ 75, ರಿಮ್ 15 ಇಂಚು. ಇದರ ಎತ್ತರ ಲೆಕ್ಕ ಹಾಕಿದರೆ ಸುಮಾರು 704 ಮಿಲಿಮೀಟರ್. 235/75 ಆರ್15 ಹಾಕಿಸು ಅಂತ ಬಹಳ ಜನ ಹೇಳಿದರು. ಅದರ ಎತ್ತರ ಸುಮಾರು 734. ಅಂದರೆ 30 ಮಿಲಿಮೀಟರ್ ಜಾಸ್ತಿ. ಆದರೆ ಆಕ್ಸೆಲ್ ನೆಲದಿಂದ ಮೇಲೇಳುವುದು ಅದರ ಅರ್ಧ, ಬರೀ 15 ಮಿಲಿಮೀಟರ್. ಅಷ್ಟಕ್ಕಾಗಿ ಗಾಡಿಯ ಗೇರಿಂಗ್ ನೂರಕ್ಕೆ ನಾಲ್ಕರಷ್ಟು ಭಾರವಾಗುತ್ತದೆ. ಮೀಟರ್ 60 ತೋರಿಸುವಾಗ ಗಾಡಿ 62ರ ಮೇಲೆ ಓಡುತ್ತಿರುತ್ತದೆ. ಮುಂದಿನ ಚಕ್ರ ಪೂರಾ ತಿರುಗಿಸಿದಾಗ ಮಡ್‌ಗಾರ್ಡಿಗೆ ತಾಗುತ್ತದೆ, ನಡುವೆ ಮಣ್ಣು ಕೂಡಲು ಜಾಗವೂ ಕಡಿಮೆಯಾಗುತ್ತದೆ. ನಮ್ಮ ಮಣ್ಣಿನಲ್ಲಿ ಈ ಕೊನೆಯದೇ ದೊಡ್ಡ ಕಾರಣ. ಟೈರಿಗೂ ಬಾಡಿಗೂ ನಡುವೆ ಮಣ್ಣು ಗಿಡಿದು ಗಾಲಿಯೇ ತಿರುಗದ ಹಾಗಾಗಿದ್ದು ಕಂಡಿದ್ದೇನೆ. ಹಾಗಾಗಿ ಅಳತೆ ಮೂಲದ್ದೇ ಇಟ್ಟು ಆಲ್ ಟೆರೇನ್ ಟ್ರೆಡ್ ಹಾಕಿಸಿದೆ.

ಅಳತೆಗಿಂತ ಜಾಸ್ತಿ ಕೆಲಸ ಮಾಡುವುದು ಗಾಳಿ. ರಸ್ತೆಯಲ್ಲಿ 35 ಪಿಎಸ್‌ಐ ಇರುವುದನ್ನು ಹಸಿ ಹೊಲಕ್ಕೋ ಹಳ್ಳದ ಮರಳಿಗೋ ಇಳಿಯುವ ಮೊದಲು 20ಕ್ಕೆ ಇಳಿಸುತ್ತೇನೆ. ಟೈರ್ ನೆಲಕ್ಕೆ ತಾಗುವ ಉದ್ದ ಹೆಚ್ಚಾಗಿ ತೂಕ ಹಂಚಿಹೋಗುತ್ತದೆ. ಆ ಗಾಳಿಯಲ್ಲಿ ಜೋರಾಗಿ ಓಡಿಸಬಾರದು, ಗಕ್ಕನೆ ತಿರುಗಿಸಬಾರದು, ಟೈರ್ ರಿಮ್ಮಿನಿಂದ ಕಳಚಬಹುದು. ಟಾರ್ ರಸ್ತೆ ಹತ್ತುವ ಮೊದಲು ಮತ್ತೆ ತುಂಬಿಸಬೇಕು, ಅದಕ್ಕೆ ಬ್ಯಾಟರಿಗೆ ಹಚ್ಚುವ ಸಣ್ಣ ಕಂಪ್ರೆಸರ್ ಇದ್ದರೆ ಸಾಕು. ಜೊತೆಗೆ ಪಂಕ್ಚರ್ ಕಿಟ್ಟು. ಬಳ್ಳಾರಿ ಜಾಲಿಯ ಮುಳ್ಳು, ಕಿತ್ತು ಉಳಿದ ಹತ್ತಿ ಗಿಡದ ಬುಡ, ಎರಡೂ ಟೈರಿನ ಪಕ್ಕಕ್ಕೇ ಚುಚ್ಚುತ್ತವೆ. ಪಕ್ಕಕ್ಕೆ ಆದ ತೂತಿಗೆ ಕಿಟ್ಟಿನ ಬತ್ತಿ ನಿಲ್ಲುವುದಿಲ್ಲ, ಸ್ಟೆಪ್ನಿ ಚೆನ್ನಾಗಿರಬೇಕು.

ಗಾಡಿ ಎತ್ತರಿಸುವ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಿಂದಿನ ಲೀಫ್ ಸ್ಪ್ರಿಂಗ್ ವರ್ಷಗಟ್ಟಲೆ ಚೀಲ ಹೊತ್ತು ಸಪಾಟಾಗಿತ್ತು. ಮುರಿದ ಪಟ್ಟಿ ಬದಲಿಸಿ, ಉಳಿದವನ್ನು ಮೂಲ ಕಮಾನಿಗೆ ತಂದು, ಬುಷ್ ಹೊಸದು ಹಾಕಿಸಿದೆ. ಗಾಡಿ ಹುಟ್ಟಿದಾಗ ಇದ್ದ ಎತ್ತರ ಬಂತು, ಅದು ಸಾಕು. ಪಟ್ಟಿ ಹೆಚ್ಚಿಗೆ ಹಾಕಿಸುವವರಿಗೆ ಒಂದು ಎಚ್ಚರಿಕೆ. ಅನೇಕ ಪಿಕಪ್‌ಗಳಲ್ಲಿ ಹಿಂದಿನ ಬ್ರೇಕಿಗೆ ಲೋಡ್ ಸೆನ್ಸಿಂಗ್ ವಾಲ್ವ್ ಇರುತ್ತದೆ. ಬಾಡಿ ಕೆಳಗೆ ಕೂತಿದ್ದರೆ ಲೋಡ್ ಇದೆ ಅಂತ ತಿಳಿದು ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಕೊಡುತ್ತದೆ, ಮೇಲೆದ್ದಿದ್ದರೆ ಕಡಿಮೆ. ಪಟ್ಟಿ ಹಾಕಿ ಎತ್ತರಿಸಿದರೆ ಪೂರಾ ಲೋಡ್ ಇದ್ದರೂ ಅದಕ್ಕೆ ಗಾಡಿ ಖಾಲಿ ಇದೆ ಅನ್ನಿಸುತ್ತದೆ. ಹಿಂದಿನ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಬ್ರೇಕ್ ಹೋಸಿನ ಉದ್ದ, ಪ್ರೊಪೆಲ್ಲರ್ ಶಾಫ್ಟಿನ ಕೋನ ಎರಡೂ ಕೆಡುತ್ತವೆ. ಮನೆಮಂದಿ ಕೂರುವ ಗಾಡಿಯಲ್ಲಿ ಇಂಥ ಕೆಲಸ ಅಂದಾಜಿನ ಮೇಲೆ ಮಾಡಬಾರದು.

ಫೋರ್ ವೀಲ್ ಬಗ್ಗೆಯೂ ತಪ್ಪು ತಿಳಿವಳಿಕೆ ಜಾಸ್ತಿ. ಹಳೆ ಪಿಕಪ್‌ಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸೆಲ್ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ಒಣ ಟಾರ್ ರಸ್ತೆಯಲ್ಲಿ ಫೋರ್ ವೀಲ್ ಹಾಕಿ ತಿರುವು ತೆಗೆದುಕೊಂಡರೆ ಎರಡೂ ಬೇರೆ ಬೇರೆ ದೂರ ಓಡಬೇಕಾಗಿ ಶಾಫ್ಟುಗಳು ತಿರುಚಿ ಬಿಗಿಯಾಗುತ್ತವೆ. ಫೋರ್ ವೀಲ್ ಲಿವರ್ ಬಿಡಿಸಲು ಬರುವುದಿಲ್ಲ. ಜೋರು ಮಾಡಬೇಡಿ, ನೇರಕ್ಕೆ ಸ್ವಲ್ಪ ರಿವರ್ಸ್ ಹೋದರೆ ಸಡಿಲವಾಗುತ್ತದೆ. ಲೋ ರೇಂಜ್, ಅಂದರೆ ಫೋರ್ ವೀಲಿನ ನಿಧಾನದ ಗೇರು ಹಾಕಿದಾಗ ಗಾಡಿಗೆ ಸುಮಾರು ಎರಡೂವರೆ ಪಟ್ಟು ಎಳೆತ ಬರುತ್ತದೆ. ನನಗೆ ಅದರಿಂದ ಹೆಚ್ಚು ಉಪಯೋಗ ಆಗಿದ್ದು ಇಳಿಯುವಾಗ. ಕ್ವಾರಿಯ ಸಡಿಲ ಕಲ್ಲಿನ ಇಳಿಜಾರಿನಲ್ಲಿ ಬ್ರೇಕ್ ಮುಟ್ಟದೆ ಒಂದನೇ ಗೇರಿನಲ್ಲಿ ಬಿಟ್ಟರೆ ಗಾಡಿ ಹೆಜ್ಜೆ ಎಣಿಸಿ ಇಳಿಯುತ್ತದೆ.

ಕರೆಂಟಿನ ಕೆಲಸದಲ್ಲಿ ಒಂದೇ ಮಾತು, ಅರ್ಥಿಂಗ್. ಬ್ಯಾಟರಿಯ ನೆಗೆಟಿವ್‌ನಿಂದ ಎಂಜಿನ್ನಿಗೆ, ಚಾಸಿಗೆ ಹೋಗುವ ಪಟ್ಟಿಯ ತುದಿ ಹಸಿಮಣ್ಣಿನಲ್ಲಿ ತುಕ್ಕು ಹಿಡಿಯುತ್ತದೆ. ಸೆಲ್ಫ್ ಹೊಡೆಯುವಾಗ ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಹಿಡಿಯಿರಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಹೊಸ ಬ್ಯಾಟರಿ, ಹೊಸ ಸೆಲ್ಫ್ ಮೋಟಾರ್ ತರುವ ಮೊದಲು ಆ ಬೋಲ್ಟ್ ಬಿಚ್ಚಿ ಉಜ್ಜಿ.

ಇಷ್ಟೆಲ್ಲ ಮಾಡಿದರೂ ಎರೆಯಲ್ಲಿ ಗಾಡಿ ಹುಗಿಯುತ್ತದೆ. ಹುಗಿಯದ ಗಾಡಿ ಯಾವುದೂ ಇಲ್ಲ. ನಮ್ಮ ಪಕ್ಕದ ಹೊಲದ ಕಾಕಾ ಇದರಲ್ಲಿ ಪಂಡಿತರು. ಗಾಲಿ ಒಂದು ಸುತ್ತು ಜಾರಿದ್ದು ಕಂಡರೆ ಸಾಕು, ದೂರದಿಂದಲೇ ಕೂಗುತ್ತಾರೆ.

“ಏ ತಮ್ಮಾ, ಕಾಲ್ ತಗಿ! ಒತ್ತಿದಷ್ಟು ಒಳಗ ಹೊಕ್ಕೈತಿ ಅದು.”

“ಮುಂದ ಒಂದ್ ನಾಕ್ ಮಾರು ದಾಟಿದ್ರ ಗಟ್ಟಿ ನೆಲ ಐತ್ರಿ ಕಾಕಾ.”

“ಮುಂದಿಂದು ಬ್ಯಾಡ. ಬಂದ ದಾರೀಲೆ ಹಿಂದಕ್ಕ ಹೋಗ್ಲಿ. ಆ ದಾರಿ ಗಾಡಿ ತುಳದೈತಿ, ಗಟ್ಟಿ ಆಗೈತಿ.”

ಇದಕ್ಕಿಂತ ಒಳ್ಳೆಯ ಪಾಠ ನನಗೆ ಯಾವ ವಿಡಿಯೋದಲ್ಲೂ ಸಿಕ್ಕಿಲ್ಲ. ಗಾಲಿಯ ಹಿಂದಿನ ಮಣ್ಣು ಸಲಿಕೆಯಿಂದ ತೆಗೆದು, ಹತ್ತಿ ಕಟ್ಟಿಗೆಯನ್ನೋ ಜೋಳದ ಕಣಿಕೆಯನ್ನೋ ಅಡ್ಡಡ್ಡ ಒತ್ತಿ ಹಾಸಿ, ರಿವರ್ಸ್‌ನಲ್ಲಿ ಮೆಲ್ಲಗೆ ಬಿಟ್ಟರೆ ಬಹಳ ಸಲ ತಾನೇ ಬರುತ್ತದೆ. ಜಾಕ್ ಹಚ್ಚುವುದಾದರೆ ಅಡಿಗೆ ಅಗಲವಾದ ಹಲಗೆ ಬೇಕೇ ಬೇಕು, ಇಲ್ಲದಿದ್ದರೆ ಗಾಡಿ ಏಳುವ ಬದಲು ಜಾಕೇ ನೆಲದೊಳಗೆ ಇಳಿಯುತ್ತದೆ. ಟ್ರ್ಯಾಕ್ಟರ್ ತರಿಸಿದರೆ ಹಗ್ಗವನ್ನು ಚಾಸಿಯ ಹುಕ್ಕಿಗೇ ಹಾಕಬೇಕು, ಬಂಪರಿಗಲ್ಲ. ಎಳೆಯುವಾಗ ಹಗ್ಗದ ಉದ್ದಕ್ಕಿಂತ ಹತ್ತಿರ ಯಾರೂ ನಿಲ್ಲಬಾರದು. ಸುತ್ತ ಹುಡುಗರು ಸೇರುತ್ತಾರೆ, ಅವರನ್ನು ಮೊದಲು ದೂರ ಕಳಿಸಬೇಕು. ಬಿಗಿಯಾದ ಹಗ್ಗವೋ ಸರಪಳಿಯೋ ಹರಿದರೆ ಯಾವ ಕಡೆ ಹಾರುತ್ತದೆ ಅಂತ ಹೇಳಲು ಬರುವುದಿಲ್ಲ.

ಇನ್ನೊಂದು ವಿಷಯ ಮನಸ್ಸಿಗೆ ಬಹಳ ಹತ್ತಿರದ್ದು. ಹಸಿ ಎರೆಯಲ್ಲಿ ಗಾಲಿ ತುಳಿದ ಜಾಗ ಒತ್ತಿ ಗಟ್ಟಿಯಾಗಿ, ಮುಂದೆ ಬೇರು ಇಳಿಯಲು ಬಿಡುವುದಿಲ್ಲ. ಬಿತ್ತಿದ ಸಾಲಿನ ಮೇಲೆ ಹೋದರಂತೂ ಆ ರೈತನ ಆ ವರ್ಷದ ಒಂದಿಷ್ಟು ಕಾಳು ಹೋಯಿತು. ಬೇರೆಯವರ ಹೊಲ ಅಂದರೆ ಕೇಳಿ ಇಳಿಯಬೇಕು, ಬದುವಿನ ದಾರಿ ಬಿಡಬಾರದು, ಬದು ಒಡೆದರೆ ಕಟ್ಟಿಕೊಟ್ಟು ಬರಬೇಕು. ಊರ ಕಡೆ ಪಟ್ಟಣದ ಗಾಡಿಗಳ ಗುಂಪು ಬಂದು ಹಳ್ಳದ ದಂಡೆ ಕೆದರಿ ಹೋಗಿದ್ದು ನೋಡಿ ನನಗೆ ನಿಜಕ್ಕೂ ಬೇಸರವಾಗಿದೆ. ಆ ದಂಡೆ ಮುಂದಿನ ಮಳೆಗೆ ಕೊಚ್ಚಿ ಹೊಲದೊಳಗೆ ಬರುತ್ತದೆ.

ಈಗ ಗಾಡಿಯಲ್ಲಿ ಒಂದು ಸದ್ದು ಉಳಿದಿದೆ. 50ರ ವೇಗದಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಹಿಂದಿನಿಂದ ಸಣ್ಣಗೆ ಊಳಿಡುತ್ತದೆ, ಒತ್ತಿದರೆ ನಿಲ್ಲುತ್ತದೆ. ಎಡಕ್ಕೆ ಬಲಕ್ಕೆ ವಾಲಿಸಿದರೂ ಬದಲಾಗುವುದಿಲ್ಲ, ಹಾಗಾಗಿ ಗಾಲಿಯ ಬೇರಿಂಗ್ ಇರಲಿಕ್ಕಿಲ್ಲ. ನ್ಯೂಟ್ರಲ್‌ನಲ್ಲಿ ತೇಲಿಬಿಟ್ಟರೆ ಕೇಳಿಸುವುದಿಲ್ಲ. ಮಿಸ್ತ್ರಿಗೆ ಪಿನಿಯನ್ ಬೇರಿಂಗಿನ ಮೇಲೆ ಅನುಮಾನ. ಹೋದ ವಾರ ಆಯಿಲ್ ಇಳಿಸಿ ನೋಡಿದೆವು. ಬಣ್ಣ ಸರಿ ಇದೆ, ನೀರಿಲ್ಲ. ಡ್ರೈನ್ ಬೋಲ್ಟಿನ ಅಯಸ್ಕಾಂತಕ್ಕೆ ಮಾತ್ರ ಸಣ್ಣ ಕಬ್ಬಿಣದ ಪುಡಿ ಹಿಟ್ಟಿನ ಹಾಗೆ ಹತ್ತಿತ್ತು, ಚೂರುಗಳಿರಲಿಲ್ಲ. ಚೂರು ಬರುವ ತನಕ ಕಾಯಬಾರದು ಅಂದರು. ಕಡಲೆ ಒಕ್ಕಿ ಚೀಲ ಎಲ್ಲ ಎಪಿಎಂಸಿಗೆ ಹಾಕಿದ ಮೇಲೆ ಗಾಡಿಗೆ ಹದಿನೈದು ದಿನ ಪುರಸೊತ್ತು ಸಿಗುತ್ತದೆ. ಆಗ ಹೌಸಿಂಗ್ ಬಿಚ್ಚುವುದು ಅಂತ ಮಾತಾಗಿದೆ. ಬೇರಿಂಗು, ಸೀಲು ಈಗಲೇ ತಂದಿಟ್ಟಿದ್ದೇನೆ.